ಬೆನ್ನ ಮೇಲಿನ ಬಿಳಿ: ಹಳೆಯ ವಾಟರ್ ಕಲರ್ ಚಿತ್ರವೊಂದರ ರಿಪೇರಿ

ಯುಗಾದಿಗೆ ಮನೆಗೆ ಬಣ್ಣ ಹೊಡೆಸಬೇಕು ಅಂತ ನಡುಮನೆಯ ಗೋಡೆ ಖಾಲಿ ಮಾಡುತ್ತಿದ್ದಾಗ ಈ ಕೆಲಸ ಗಂಟುಬಿತ್ತು. ದಾವಣಗೆರೆಯ ನಮ್ಮ ಹಳೇ ಮನೆಯಲ್ಲಿ ಬಾಗಿಲಿನ ಎದುರಿಗೇ ಒಂದು ಚಿತ್ರ ಇದೆ. ಅಜ್ಜ ಹತ್ತಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಊರೂರು ಸುತ್ತಿ ಚಿತ್ರ ಬರೆಯುತ್ತಿದ್ದ ಒಬ್ಬರು ಜ್ವರ ಬಂದು ನಮ್ಮ ಮನೆಯಲ್ಲಿ ಒಂದು ವಾರ ಮಲಗಿದ್ದರಂತೆ. ಗಂಜಿ ಕುಡಿದು, ಎದ್ದು ಓಡಾಡುವ ಹಾಗಾದ ಮೇಲೆ ಈ ಹಾಳೆಯನ್ನು ಅಜ್ಜನ ಕೈಗಿಟ್ಟು ಹುಬ್ಬಳ್ಳಿ ಕಡೆಯ ರೈಲು ಹತ್ತಿದರಂತೆ. ಅವರ ಹೆಸರು ಮನೆಯಲ್ಲಿ ಯಾರಿಗೂ ನೆನಪಿಲ್ಲ. ಚಿತ್ರದಲ್ಲೂ ಸಹಿ ಇಲ್ಲ.

ಹದಿನಾಲ್ಕು ಇಂಚು ಅಗಲ, ಹತ್ತು ಇಂಚು ಎತ್ತರದ ಚಿತ್ರ. ಬಂಡೆಯ ತುದಿಯಲ್ಲಿ ಒಂದು ಪ್ರಾಣಿ ನಿಂತಿದೆ. ಗಟ್ಟಿ ಮೈ, ಗಿಡ್ಡ ಕಾಲು, ಹಿಂದಕ್ಕೆ ಬಾಗಿದ ಎರಡು ಕೊಂಬು. ಮೈಯೆಲ್ಲ ಕಪ್ಪು ಬೆರೆತ ಕಂದು. ಬೆನ್ನ ಮೇಲೆ ಮಾತ್ರ ಎರಡು ಬೆರಳಗಲ ಬೆಳ್ಳಗೆ. ಮನೆಯವರೆಲ್ಲ ಇದನ್ನು 'ಕೊಂಡುಕುರಿ ಚಿತ್ರ' ಅನ್ನುತ್ತಿದ್ದರು. ಬೆನ್ನಿನ ಬಿಳಿಗೂ ಒಂದು ಕಥೆ ಇತ್ತು. ಯಾವುದೋ ಮಳೆಗಾಲದಲ್ಲಿ ಹಂಚು ಸೋರಿ, ಅಲ್ಲಿನ ಬಣ್ಣ ತೊಳೆದುಹೋಯಿತು ಅಂತ.

ಈ ಸಲ ಕೆಳಗಿಳಿಸಿ ನೋಡಿದರೆ ಹಾಳೆಯ ಮೇಲೆಲ್ಲ ಕಂದು ಚುಕ್ಕೆ. ಗಾಜಿನ ಒಳಗೆ ಧೂಳು. ಕೆಳಗಿನ ಅಂಚಿನಲ್ಲಿ ಹರಿದ ಗುರುತು. ಬಲ ಮೂಲೆಯಲ್ಲಿ ಹಾಳೆ ಗಾಜಿಗೇ ಅಂಟಿಕೊಂಡು ಹೊಳೆಯುತ್ತಿತ್ತು. ಕಟ್ಟು ಹಾಕುವ ಅಂಗಡಿಗೆ ಒಯ್ದೆ. "ಬಿಡಿಸಿ ಲ್ಯಾಮಿನೇಶನ್ ಮಾಡಿಬಿಡೋಣ ಮೇಡಂ, ಇನ್ನು ನೂರು ವರ್ಷ ಏನೂ ಆಗಲ್ಲ" ಅಂದರು. ನಾನು ಚಿತ್ರವನ್ನು ಸೀರೆಯಲ್ಲಿ ಸುತ್ತಿಕೊಂಡು ವಾಪಸ್ ಬಂದೆ.

ಚಿತ್ರದುರ್ಗದಿಂದ ದೊಡ್ಡಪ್ಪ ಫೋನ್ ಮಾಡಿದಾಗ ವಿಷಯ ಹೇಳಿದೆ. "ನೀನೇ ಡ್ರಾಯಿಂಗ್ ಟೀಚರ್ ಅದೀಯಲ್ಲವ್ವಾ, ಅಂಗಡಿಗ್ಯಾಕ ಹೋದಿ? ಆ ಬೆನ್ನಿಗೊಂದಿಷ್ಟು ಬಣ್ಣ ಹಚ್ಚು. ನಾನು ಸಣ್ಣಾವ ಇದ್ದಾಗಿಂದ ಹಂಗೇ ಐತಿ" ಅಂದರು. ನನಗೂ ಸರಿ ಅನ್ನಿಸಿತು. ಕಂದು ಬಣ್ಣ ತಾನೇ? ಬರ್ಂಟ್ ಅಂಬರ್‌ಗೆ ಚೂರು ನೀಲಿ ಬೆರೆಸಿದರೆ ಆಯ್ತು. ಆ ರಾತ್ರಿಯೇ ಒಂದು ಚೂರು ಹಾಳೆಯ ಮೇಲೆ ಬಣ್ಣ ಹೊಂದಿಸಿಯೂ ಇಟ್ಟೆ. ಆ ಚೂರು ಈಗಲೂ ನನ್ನ ಹತ್ತಿರ ಇದೆ. ನೋಡಿದಾಗೆಲ್ಲ ಹೊಟ್ಟೆಯಲ್ಲಿ ಕಲಸಿದ ಹಾಗಾಗುತ್ತದೆ.

ಬಿಚ್ಚಿದ ದಿನ

ಭಾನುವಾರ ಬೆಳಿಗ್ಗೆ ಊಟದ ಟೇಬಲ್ ಮೇಲೆ ಬಿಳಿ ಪಂಚೆ ಹಾಸಿದೆ. ಫ್ಯಾನ್ ಆರಿಸಿದೆ. ಇದು ಮುಖ್ಯ. ಒಣಗಿದ ಬಣ್ಣದ ಚೂರು ಗಾಳಿಗೆ ಹಾರಿದರೆ ಮತ್ತೆ ಸಿಗುವುದಿಲ್ಲ. ಮೊದಲು ಎದುರು, ಹಿಂದೆ, ನಾಲ್ಕೂ ಮೂಲೆ ಫೋಟೋ ತೆಗೆದುಕೊಂಡೆ. ಫ್ರೇಮನ್ನು ಬೋರಲು ಮಲಗಿಸಿದೆ. ಹಿಂದಿನ ಕಂದು ಕಾಗದ ಮುಟ್ಟಿದರೆ ಹಪ್ಪಳದ ಹಾಗೆ ಮುರಿಯಿತು. ಅದರೊಳಗೆ ಒಂದು ತೆಳು ಹಲಗೆ, ತುಕ್ಕು ಹಿಡಿದ ಹನ್ನೆರಡು ಸಣ್ಣ ಮೊಳೆ. ಇಕ್ಕಳದಲ್ಲಿ ಒಂದೊಂದನ್ನೇ ನೇರವಾಗಿ ಎಳೆದೆ. ಅಲ್ಲಾಡಿಸಿ ಕಿತ್ತರೆ ಒಳಗಿನ ಗಾಜು ಅಲುಗುತ್ತದೆ.

ಹಲಗೆ ತೆಗೆದ ಕೂಡಲೇ ಬೆಳ್ಳಿ ಬಣ್ಣದ ಪುಸ್ತಕದ ಹುಳು ಎರಡು ಸರ್ರನೆ ಓಡಿದವು. ಗೆದ್ದಲು ಇರಲಿಲ್ಲ, ಪುಣ್ಯ. ಹಲಗೆಯ ಕೆಳಗೆ ಒಂದು ದಪ್ಪ ರಟ್ಟು. ಆ ರಟ್ಟಿಗೆ ಚಿತ್ರದ ನಾಲ್ಕು ಮೂಲೆ ಅಂಟಿಸಿದ್ದರು. ಮೇಲಿನ ಅಂಚಿಗೆ ಸೆಲ್ಲೋಟೇಪ್ ಬೇರೆ. ಮೊದಲು ಅಂಟಿಸಿದವರು ಒಬ್ಬರು, ಟೇಪ್ ಹಾಕಿದವರು ಇನ್ನೊಬ್ಬರು ಇರಬೇಕು. ಚಿತ್ರದ ಮುಂದೆ ಕಿಟಕಿ ಕತ್ತರಿಸಿದ ಮೌಂಟ್ ಬೋರ್ಡ್ ಇತ್ತು. ಅದು ಕೆಳಗೆ ಜಾರಿ ಬಲ ಮೂಲೆಯಲ್ಲಿ ಹಾಳೆ ನೇರ ಗಾಜಿಗೆ ತಾಗಿತ್ತು. ಮಳೆಗಾಲದ ತೇವಕ್ಕೆ ಬಣ್ಣದ ಗೋಂದು ಮೆತ್ತಗಾಗಿ ಗಾಜಿಗೆ ಹತ್ತಿಕೊಂಡಿದೆ.

ವಾಟರ್ ಕಲರ್ ಅಂದರೆ ಪುಡಿ ಬಣ್ಣವನ್ನು ಗೋಂದಿನ ನೀರಿನಲ್ಲಿ ಕಲಸಿದ್ದು, ಅಷ್ಟೇ. ನಮ್ಮ ಕಡೆ ಜಾಲಿ ಮರದಿಂದ ಅಂಟು ಇಳಿಯುತ್ತದಲ್ಲ, ಗಮ್ ಅರೇಬಿಕ್ ಅನ್ನುವುದು ಅದೇ ಬಳಗದ ಮರದ್ದು. ಒಣಗಿದ ಮೇಲೂ ನೀರು ತಾಗಿದರೆ ಮತ್ತೆ ಕರಗುತ್ತದೆ. ಹಾಗಾಗಿ ಗಾಜಿಗೆ ಅಂಟಿದ್ದನ್ನು ಒದ್ದೆ ಮಾಡಿ ಬಿಡಿಸುವ ಮಾತೇ ಇಲ್ಲ. ಒಂದು ಹಳೆಯ ಓಎಚ್‌ಪಿ ಶೀಟನ್ನು (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಒಂದಿಂಚು ಅಗಲದ ಪಟ್ಟಿ ಮಾಡಿ, ತುದಿ ದುಂಡಗೆ ಕತ್ತರಿಸಿ, ಗಾಜಿಗೂ ಹಾಳೆಗೂ ನಡುವೆ ತೂರಿಸಿದೆ. ಎಳೆಯಬಾರದು, ಎತ್ತಬಾರದು. ಪಟ್ಟಿಯನ್ನು ಗಾಜಿನ ಕಡೆಗೆ ಒತ್ತಿ, ಎಡಕ್ಕೂ ಬಲಕ್ಕೂ ಕೂದಲೆಳೆಯಷ್ಟು ಆಡಿಸುತ್ತಾ ಹೋಗಬೇಕು. ಎರಡು ಇಂಚಿಗೆ ಒಂದು ಗಂಟೆ ಹಿಡಿಯಿತು.

ಕೊನೆಗೆ ಕಾಲು ಇಂಚು ಇದ್ದಾಗ ಅವ್ವ ಅಡುಗೆ ಮನೆಯಿಂದ "ಮಂಡಕ್ಕಿ ಒಗ್ಗರಣೆ ತಣ್ಣಗಾಗ್ತತಿ ನೋಡು" ಅಂದಳು. ನಾನು ತಲೆ ಎತ್ತಿದೆ. ಅಷ್ಟೇ. ಟಿಕ್ ಅಂತ ಸದ್ದು. ಉಗುರಿನಷ್ಟು ಆಕಾಶ ಗಾಜಿನ ಮೇಲೇ ಉಳಿಯಿತು. ಅದನ್ನು ಗಾಜಿನಿಂದ ಕೆರೆದು ವಾಪಸ್ ಅಂಟಿಸಬಹುದಾ ಅಂತ ಅರ್ಧ ದಿನ ಯೋಚಿಸಿದೆ. ಕೆರೆದರೆ ಪುಡಿ ಬರುತ್ತದೆ, ಆಕಾಶ ಬರುವುದಿಲ್ಲ. ಬಿಟ್ಟೆ.

ರಟ್ಟು

ಈ ಕೆಲಸದಲ್ಲಿ ಒಂದು ಮಾತನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಬೇಕು: ಚಿತ್ರವನ್ನು ರಟ್ಟಿನಿಂದ ಬಿಡಿಸಬಾರದು, ರಟ್ಟನ್ನು ಚಿತ್ರದಿಂದ ಬಿಡಿಸಬೇಕು. ಹಾಳೆಯನ್ನು ಎತ್ತಿ ಎಳೆದರೆ ಅದು ಬಾಗುತ್ತದೆ, ಬಣ್ಣ ಬಿರಿಯುತ್ತದೆ. ಅದರ ಬದಲು ಚಿತ್ರವನ್ನು ನುಣುಪಾದ ಬ್ಲಾಟಿಂಗ್ ಪೇಪರ್ ಮೇಲೆ ಬೋರಲು ಮಲಗಿಸಿ, ರಟ್ಟನ್ನು ಹಿಂದಿನಿಂದ ಪದರ ಪದರವಾಗಿ ಸುಲಿಯುತ್ತಾ ಬರಬೇಕು. ಈರುಳ್ಳಿ ಸುಲಿದ ಹಾಗೆ. ಆದರೆ ಮೊಂಡ ಚಾಕುವಿನಲ್ಲಿ, ಮಲಗಿಸಿ ಹಿಡಿದು.

ಮೂರು ಸಂಜೆ ಸುಲಿದೆ. ರಟ್ಟು ಮರದ ತಿರುಳಿನದು. ಅಂಥ ರಟ್ಟು ವರ್ಷ ಹೋದ ಹಾಗೆ ಹುಳಿಯಾಗುತ್ತದೆ. ಆ ಹುಳಿ ತಾಗಿದ ಹಾಳೆಯನ್ನೂ ಕಂದು ಮಾಡಿ ಪೆಡಸು ಮಾಡುತ್ತದೆ. ಹಳೆಯ ನ್ಯೂಸ್ ಪೇಪರ್ ಹಳದಿಯಾಗುವುದೂ ಇದೇ ಜಾತಿಯ ತೊಂದರೆ. ಮೌಂಟ್ ಬೋರ್ಡಿನ ಕಿಟಕಿಯ ಅಂಚು ತಾಗಿದ ಕಡೆಯೆಲ್ಲ ಚಿತ್ರದ ಸುತ್ತ ಒಂದು ಕಂದು ಗೆರೆ ಬಿದ್ದಿತ್ತು, ರೊಟ್ಟಿಯ ಅಂಚು ಸೀದ ಹಾಗೆ. ಚಿತ್ರದ ಹಾಳೆ ಮಾತ್ರ ಇನ್ನೂ ಗಟ್ಟಿಯಾಗಿತ್ತು. ಬೆಳಕಿಗೆ ಹಿಡಿದು ನೋಡಿದೆ. ಹತ್ತಿ ಬಟ್ಟೆಯ ಚಿಂದಿಯಿಂದ ಮಾಡಿದ ಕಾಗದ. ಹತ್ತಿ ಊರಿನಲ್ಲಿ ಹತ್ತಿ ಹಾಳೆ ಬಾಳಿದೆ ಅಂತ ಸುಮ್ನೆ ಖುಷಿಯಾಯಿತು.

ನಾಲ್ಕು ಮೂಲೆಯ ಅಂಟಿನ ಮೇಲೆ ರಟ್ಟಿನ ಕೊನೆಯ ತೆಳು ಪದರ ಉಳಿಯಿತು. ಅದನ್ನು ತೆಗೆಯಲು ತೇವ ಬೇಕು. ಹತ್ತಿ ಸುತ್ತಿದ ಕಡ್ಡಿಯನ್ನು ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಮುಂದುಗಡೆ ಬಂಡೆಯ ಮೂಲೆಯಲ್ಲಿ ಒಂದು ಚುಕ್ಕೆಯಷ್ಟು ತಾಗಿಸಿ ಪರೀಕ್ಷೆ ಮಾಡಿದೆ. ಹತ್ತಿಗೆ ಕಂದು ಬಂತು. ಅಲ್ಲಿಗೆ ತೀರ್ಮಾನ. ಈ ಹಾಳೆಗೆ ನೀರು ತೋರಿಸುವ ಹಾಗಿಲ್ಲ. ತೊಳೆದರೆ ಕಲೆ ಹೋಗುತ್ತಿತ್ತೋ ಏನೋ, ಜತೆಗೆ ಪ್ರಾಣಿಯೂ ಹೋಗುತ್ತಿತ್ತು. ಮೂಲೆಯ ಪದರ ಹಾಗೇ ಇರಲಿ ಅಂತ ಬಿಟ್ಟೆ. ಹಿಂದೆ ತಾನೇ ಇರೋದು.

ಸೆಲ್ಲೋಟೇಪಿನ ಪ್ಲಾಸ್ಟಿಕ್ ಮುಟ್ಟಿದ ಕೂಡಲೇ ಉದುರಿತು. ಅದರ ಅಂಟು ಮಾತ್ರ ಹಾಳೆಯೊಳಗೆ ಇಳಿದು ಜೇನು ಬಣ್ಣದ ಪಟ್ಟೆಯಾಗಿದೆ. ಮೇಲೆ ಜಿಗುಟಾಗಿದ್ದಷ್ಟನ್ನು ಕ್ರೇಪ್ ರಬ್ಬರಿನಿಂದ ಉರುಳಿಸಿ ತೆಗೆದೆ. ಒಳಗಿಳಿದ ಕಲೆಗೆ ಅಸಿಟೋನ್ ಹಚ್ಚುವವರಿದ್ದಾರೆ. ನನಗೆ ಅಷ್ಟು ಧೈರ್ಯ ಇಲ್ಲ.

ಧೂಳಿಗೆ ಸುಲಭದ ಉಪಾಯ. ಶಾಲೆ ಮಕ್ಕಳ ಬಿಳಿ ವಿನೈಲ್ ರಬ್ಬರನ್ನು ಕೊಬ್ಬರಿ ತುರಿಯುವ ಹಾಗೆ ಸಣ್ಣಗೆ ತುರಿದು, ಹಾಳೆಯ ಹಿಂದೆ ಚೆಲ್ಲಿ, ಬೆರಳ ತುದಿಯಿಂದ ದುಂಡಗೆ ಉಜ್ಜಬೇಕು. ತುರಿ ಕಪ್ಪಾಗುತ್ತದೆ, ಹಾಳೆ ತಿಳಿಯಾಗುತ್ತದೆ. ಮೆತ್ತನೆ ಬ್ರಷ್‌ನಿಂದ ಗುಡಿಸಿ ಮತ್ತೆ ಹೊಸ ತುರಿ. ಬಣ್ಣ ಇರುವ ಕಡೆ, ಪೆನ್ಸಿಲ್ ಇರುವ ಕಡೆ ಇದನ್ನು ಮಾಡುವಂತಿಲ್ಲ. ಮುಂದುಗಡೆಗೆ ಮೇಕೆ ಕೂದಲಿನ ಬ್ರಷ್ ಮಾತ್ರ. ಕಾಡುಮೇಕೆಯ ಧೂಳು ಒರೆಸಲು ಊರ ಮೇಕೆಯ ಕೂದಲು!

ಮುಚ್ಚಿದ್ದ ಅಂಚು

ಇಷ್ಟರಲ್ಲಿ ಇನ್ನೊಂದು ಸಂಗತಿ ಕಣ್ಣಿಗೆ ಬಿದ್ದಿತ್ತು. ಅದನ್ನು ಬೇಕಂತಲೇ ಆಮೇಲೆ ನೋಡೋಣ ಅಂತ ಇಟ್ಟಿದ್ದೆ.

ಮೌಂಟ್ ಬೋರ್ಡ್ ತೆಗೆದಾಗ ಹಾಳೆ ನಾವು ನೋಡುತ್ತಿದ್ದುದಕ್ಕಿಂತ ದೊಡ್ಡದಿತ್ತು. ನಾಲ್ಕೂ ಕಡೆ ಒಂದೂವರೆ ಇಂಚು ಅಂಚನ್ನು ಕಟ್ಟು ಹಾಕಿದವರು ಮುಚ್ಚಿಬಿಟ್ಟಿದ್ದರು. ಆ ಅಂಚಿನ ತುಂಬ ಚಿತ್ರಕಾರನ ಕೆಲಸ ಇದೆ. ಎಡಗಡೆ ಅದೇ ಕೊಂಬು ಮೂರು ಸಲ: ಪಕ್ಕದಿಂದ, ಎದುರಿನಿಂದ, ಅರ್ಧ ತಿರುಗಿದಾಗ. ಕೆಳಗೆ ಒಂದು ಗೊರಸು. ಬಲಗಡೆ ಬಣ್ಣ ನೋಡಲು ಬ್ರಷ್ ಒರೆಸಿದ ಗುರುತು. ಪೆನ್ಸಿಲ್‌ನಲ್ಲಿ ಕನ್ನಡದ ಅಕ್ಷರ, ಅವಸರದ ಕೈ: 'ಕಾಲು ಕಪ್ಪು', 'ಹುಲ್ಲು ಒಣಗಿದ್ದು', 'ಮಂಜು ಬಂತು, ನಿಂತೆ'. ಇನ್ನೊಂದು ಕಡೆ 'ಬೆನ್' ಅಂತ ಶುರುವಾಗಿದೆ. ಅದರ ಮುಂದಿನದನ್ನು ಹುಳು ತಿಂದಿದೆ.

ಅಂದರೆ ಇದು ಗೋಡೆಗೆ ಹಾಕಲು ಮಾಡಿದ ಚಿತ್ರವೇ ಅಲ್ಲ. ಪ್ರಾಣಿಯ ಎದುರಿಗೆ ನಿಂತು, ಮಂಜು ಬರುವುದರೊಳಗೆ ಕಂಡಷ್ಟನ್ನು ಹಿಡಿದಿಟ್ಟುಕೊಂಡ ಅಭ್ಯಾಸದ ಹಾಳೆ. ಕಟ್ಟು ಹಾಕಿದವರು ಅಭ್ಯಾಸವನ್ನೆಲ್ಲ ಮುಚ್ಚಿ ನಡುವಿನ ಪ್ರಾಣಿಯನ್ನು ಮಾತ್ರ ಕಿಟಕಿಯೊಳಗೆ ನಿಲ್ಲಿಸಿದ್ದರು.

ಬೆಳಕು ಬೀಳದ ಆ ಅಂಚು ಇನ್ನೊಂದು ಗುಟ್ಟು ಬಿಟ್ಟುಕೊಟ್ಟಿತು. ಆಕಾಶ ಕಿಟಕಿಯೊಳಗೆ ಬೂದು ಬಣ್ಣ. ಮೌಂಟಿನ ಕೆಳಗೆ ಅದೇ ಆಕಾಶ ನಸುಗೆಂಪು! ಮುಂಜಾನೆಯ ಆಕಾಶ. ಅಷ್ಟು ವರ್ಷದ ಬೆಳಕಿಗೆ ಕೆಂಪು ಹಾರಿಹೋಗಿ ಬೂದು ಉಳಿದಿದೆ. ಆದರೆ ಬಂಡೆಯ ಕಂದು? ಕಿಟಕಿಯ ಒಳಗೂ ಹೊರಗೂ ಒಂದೇ. ಒಂದು ಎಳೆಯಷ್ಟೂ ವ್ಯತ್ಯಾಸ ಇಲ್ಲ.

ಇಲ್ಲಿ ನನಗೆ ಮೊದಲ ಸಲ ಅನುಮಾನ ಬಂತು. ಅಂಬರ್, ಸಿಯೆನ್ನಾ, ಓಕರ್ ಎಲ್ಲ ಮಣ್ಣಿನ ಬಣ್ಣ. ಕಬ್ಬಿಣದ ಅಂಶ ಇರುವ ಮಣ್ಣು. ಬಿಸಿಲಿಗೆ ಜಗ್ಗುವ ಜಾತಿಯಲ್ಲ. ಪ್ರಾಣಿಯ ಮೈಯೂ ಅದೇ ಕಂದು. ಹಾಗಿದ್ದ ಮೇಲೆ ಬೆನ್ನಿನದು ಮಾತ್ರ ಹೇಗೆ ಬೆಳಕಿಗೆ ಹಾರಿತು?

ನನ್ನ ಕಣ್ಣನ್ನೇ ನಂಬಬಾರದು ಅಂತ ಮಾಳಿಗೆಯ ಮೇಲೆ ಒಂದು ಪರೀಕ್ಷೆ ಇಟ್ಟೆ. ಒಂದು ಹಾಳೆಯಲ್ಲಿ ಬರ್ಂಟ್ ಅಂಬರ್ ಒಂದು ಪಟ್ಟೆ, ಅಲಿಜರಿನ್ ಕ್ರಿಮ್ಸನ್ ಅನ್ನುವ ಕೆಂಪು ತೆಳ್ಳಗೆ ಇನ್ನೊಂದು ಪಟ್ಟೆ. ಅರ್ಧಕ್ಕೆ ಕಪ್ಪು ಕಾಗದ ಮುಚ್ಚಿ ಗಾಜಿನ ಕೆಳಗಿಟ್ಟೆ. ಮಾರ್ಚ್, ಏಪ್ರಿಲ್‌ನ ದಾವಣಗೆರೆ ಬಿಸಿಲು ಗೊತ್ತಲ್ಲ, ಹಪ್ಪಳ ಸಂಡಿಗೆಗೆ ಒಂದೇ ದಿನ ಸಾಕು. ಆರು ವಾರ ಬಿಟ್ಟೆ. ಕ್ರಿಮ್ಸನ್ ಪೇಲವವಾಗಿ ಮುಚ್ಚಿದ ಕಡೆಗೂ ತೆರೆದ ಕಡೆಗೂ ನಡುವೆ ಗೆರೆ ಬಿತ್ತು. ಅಂಬರ್ ಹಾಕಿದ ದಿನ ಹೇಗಿತ್ತೋ ಹಾಗೇ ಇತ್ತು.

ಆಗ ಉಳಿದದ್ದು ನೀರು ಸೋರಿದ ಕಥೆ. ಭೂತಗನ್ನಡಿ ತೆಗೆದುಕೊಂಡೆ. ಟಾರ್ಚನ್ನು ಹಾಳೆಗೆ ಅಡ್ಡವಾಗಿ, ಮಲಗಿಸಿದ ಹಾಗೆ ಹಿಡಿದೆ. ನೀರು ಬಿದ್ದು ಒಣಗಿದ ಕಡೆ ಹಾಳೆ ಉಬ್ಬಿರುತ್ತದೆ, ಅಂಚಿಗೆ ಕಂದು ಗೆರೆ ಬಂದಿರುತ್ತದೆ. ಮೇಜಿನ ಮೇಲೆ ಚೆಲ್ಲಿದ ಕಾಫಿ ಒಣಗಿದಾಗ ಸುತ್ತ ಉಂಗುರ ಆಗುತ್ತದಲ್ಲ, ಹಾಗೆ. ಆ ಗೆರೆ ಪ್ರಾಣಿ, ಬಂಡೆ, ಆಕಾಶ ಯಾವುದನ್ನೂ ನೋಡದೆ ಎಲ್ಲವನ್ನೂ ದಾಟಿ ಹೋಗುತ್ತದೆ. ಇಲ್ಲಿ ಅಂಥ ಗೆರೆ ಇಲ್ಲ. ಹಾಳೆ ಸಪಾಟಾಗಿದೆ. ಬಿಳಿಯ ಅಂಚಿನಲ್ಲಿ ಬ್ರಷ್ಷಿನ ಒಣ ಕೂದಲು ಎಳೆದ ಸಣ್ಣ ಸಣ್ಣ ಗೀಟು. ಕಪ್ಪಿನಿಂದ ಬಿಳಿಗೆ ಕೂದಲು ಇಳಿದ ಹಾಗೆ. ಇದನ್ನು ಯಾರೋ ಕೈಯಿಂದ ಮಾಡಿದ್ದಾರೆ. ಬಿಳಿ ಬಣ್ಣ ಹಚ್ಚಿಲ್ಲ. ಹಾಳೆಯನ್ನೇ ಖಾಲಿ ಬಿಟ್ಟು, ತೆಳು ಬೂದುನೀಲಿಯ ಒಂದು ನೀರು ಎಳೆದಿದ್ದಾರೆ ಅಷ್ಟೇ. ವಾಟರ್ ಕಲರ್‌ನಲ್ಲಿ ಬೆಳಕು ಬೇಕಾದರೆ ಹಾಗೇ ಮಾಡುವುದು. ಮಕ್ಕಳಿಗೆ ದಿನಾ ಹೇಳುವ ಪಾಠ.

ಹಾಗಾದರೆ ಬೆನ್ನು ಬಿಳಿ ಇರುವ ಪ್ರಾಣಿ ಯಾವುದು?

ಯಾವ ಪ್ರಾಣಿ

ಕೊಂಡುಕುರಿ ಅಲ್ಲ, ಅದಂತೂ ಕೊಂಬು ಎಣಿಸಿದರೇ ಗೊತ್ತಾಗುತ್ತದೆ. ನಮ್ಮ ಜಿಲ್ಲೆಯ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗೆಂದೇ ಅಭಯಾರಣ್ಯ ಇದೆ. ಕೊಂಡುಕುರಿಯ ಗಂಡಿಗೆ ಸಾಮಾನ್ಯವಾಗಿ ನಾಲ್ಕು ಕೊಂಬು. ಎಲ್ಲವೂ ಗಿಡ್ಡ, ನೆಟ್ಟಗೆ. ಮೈ ಸಣ್ಣದು, ತೂಕ ಇಪ್ಪತ್ತು ಕೆಜಿ ಆಸುಪಾಸು. ನಮ್ಮ ಚಿತ್ರದ್ದು ಎರಡೇ ಕೊಂಬು, ಹೋತದ ಹಾಗೆ ದಪ್ಪ ಕುತ್ತಿಗೆ. ನಮ್ಮ ಕಡೆಯವರಿಗೆ ಕೊಂಡುಕುರಿ ಹೆಸರು ಬಾಯಲ್ಲಿತ್ತು, ಹಚ್ಚಿಬಿಟ್ಟರು.

ದೊಡ್ಡಪ್ಪ "ಹಿಮಾಲಯದ್ದಿರಬೇಕು" ಅಂದರು. ಅಂಚಿನಲ್ಲಿದ್ದ ಮೂರು ಕೊಂಬಿನ ಚಿತ್ರ ಕೆಲಸಕ್ಕೆ ಬಂದದ್ದು ಇಲ್ಲೇ. ಅಲ್ಲಿನ ಕಾಡುಮೇಕೆ ಮಾರ್ಖೋರ್ ಆದರೆ ಕೊಂಬು ಸ್ಕ್ರೂ ಹಾಗೆ ತಿರುಚಿರುತ್ತದೆ. ಜಹಾಂಗೀರನ ಕಾಲದ ಇನಾಯತ್ ಅನ್ನುವ ಚಿತ್ರಕಾರ ಬರೆದ ಮಾರ್ಖೋರ್ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ, 1607ರ ಸುಮಾರಿನದು. ಅದರ ಫೋಟೋ ನೋಡಿದರೆ ಸಾಕು, ಇದು ಅದಲ್ಲ. ಐಬೆಕ್ಸ್ ಆದರೆ ಕೊಂಬು ಕುಡುಗೋಲಿನ ಹಾಗೆ ಉದ್ದ, ಮುಂಭಾಗದಲ್ಲಿ ಗಂಟು ಗಂಟು. ಭರಲ್ ಆದರೆ ನುಣುಪು ಕೊಂಬು ಪಕ್ಕಕ್ಕೆ ಚಾಚಿ ಹಿಂದಕ್ಕೆ ಹೊರಳುತ್ತದೆ. ಹಿಮಾಲಯದ ತಾರ್ ಆದರೆ ಗಂಡಿಗೆ ಕುತ್ತಿಗೆ, ಭುಜದ ತುಂಬ ಜೋತುಬಿದ್ದ ಕೇಸರ. ನಮ್ಮದಕ್ಕೆ ಕುತ್ತಿಗೆ ಮೇಲೆ ಗಿಡ್ಡ ಒರಟು ಕೂದಲು ಮಾತ್ರ.

ಉತ್ತರ ಸಿಕ್ಕಿದ್ದು ಸ್ಟಾಫ್ ರೂಮಿನಲ್ಲಿ. ಜತೆಯ ಟೀಚರ್ ಒಬ್ಬರು ರಜೆಯಲ್ಲಿ ಮುನ್ನಾರ್‌ಗೆ ಹೋಗಿ ಬಂದಿದ್ದರು. ಚಹಾ ಕುಡಿಯುತ್ತಾ ಮೊಬೈಲ್‌ನಲ್ಲಿ ಫೋಟೋ ತೋರಿಸುತ್ತಿದ್ದರು. ಟೀ ತೋಟ, ಟೀ ತೋಟ, ಮಕ್ಕಳು, ಟೀ ತೋಟ. ಆಮೇಲೆ ಎರವಿಕುಲಂ ರಾಷ್ಟ್ರೀಯ ಉದ್ಯಾನದ ರಸ್ತೆ ಬದಿಯಲ್ಲಿ ಒಂದು ಪ್ರಾಣಿ. ಕಪ್ಪು ಕಂದು ಮೈ. ಬೆನ್ನ ಮೇಲೆ ಕುದುರೆಗೆ ತಡಿ ಹಾಕಿದ ಹಾಗೆ ಬೆಳ್ಳಿ ಬಿಳುಪು.

"ಇದು, ಇದು, ತಡೀರಿ" ಅಂತ ಮೊಬೈಲ್ ಕಿತ್ತುಕೊಂಡೆ. ಅವರು ಹೆದರಿಬಿಟ್ಟರು.

ನೀಲಗಿರಿ ತಾರ್. ತಮಿಳಿನಲ್ಲಿ ವರೈಯಾಡು. ವರೈ ಅಂದರೆ ಬೆಟ್ಟದ ಬಂಡೆ, ಆಡು ನಮ್ಮ ಆಡೇ. ಚಿತ್ರದುರ್ಗದ ಆಡುಮಲ್ಲೇಶ್ವರದ ಹೆಸರಿನಲ್ಲೂ ಕೇಳಿಸುವ ಆಡು. ತಮಿಳುನಾಡು, ಕೇರಳದ ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರೆ ಯಾವ ಕಾಡಿನಲ್ಲೂ ಇದು ಇಲ್ಲ. ಎತ್ತರದ ಹುಲ್ಲುಗಾವಲು, ಪಕ್ಕದಲ್ಲೇ ಕಡಿದಾದ ಬಂಡೆ, ಎರಡೂ ಇರುವ ಕಡೆ ಬದುಕುತ್ತದೆ. ಹುಲ್ಲು ಮೇಯಲು ಬಯಲು, ಚಿರತೆಯಿಂದ ತಪ್ಪಿಸಿಕೊಳ್ಳಲು ಬಂಡೆ. ದೊಡ್ಡ ಗಂಡು ಭುಜದ ಹತ್ತಿರ ಸುಮಾರು ಒಂದು ಮೀಟರ್ ಎತ್ತರ. ಹಿಂದೆ ಇದನ್ನು ಹಿಮಾಲಯದ ತಾರ್ ಜತೆ ಒಂದೇ ಕುಲಕ್ಕೆ ಸೇರಿಸಿದ್ದರು. 2005ರಲ್ಲಿ ಡಿಎನ್ಎ ನೋಡಿದ ಮೇಲೆ ಇದು ಕುರಿಯ ಕಡೆಗೆ ಹತ್ತಿರ ಅಂತ ಬೇರೆ ಕುಲ ಮಾಡಿದರು. ಅಂತೂ ನಮ್ಮ ಮನೆಯವರು 'ಕುರಿ' ಅಂದದ್ದು ಪೂರ್ತಿ ಸುಳ್ಳಲ್ಲ!

ಬೆನ್ನಿನ ಬಿಳಿ ಎಲ್ಲಕ್ಕೂ ಇರುವುದಿಲ್ಲ. ಹೆಣ್ಣು ಬೂದು ಕಂದು. ಗಂಡು ಬೆಳೆದು ವಯಸ್ಸಾದ ಹಾಗೆ ಮೈ ಕಪ್ಪಾಗುತ್ತಾ, ಬೆನ್ನು ಬೆಳ್ಳಗಾಗುತ್ತಾ ಬರುತ್ತದೆ. ಇಂಗ್ಲಿಷಿನವರು ಅಂಥ ಗಂಡನ್ನು ಸ್ಯಾಡಲ್‌ಬ್ಯಾಕ್ ಅಂದದ್ದು ಅದಕ್ಕೇ. ಚಿತ್ರಕಾರ ಬೆನ್ನಿಗೆ ಬಣ್ಣ ಹಚ್ಚದೆ ಬಿಟ್ಟದ್ದು ಇದು ಹಿರಿಯ ಗಂಡು ಅಂತ ತೋರಿಸಲು. ಚಿತ್ರದ ಮುಖ್ಯ ವಿಷಯವೇ ಅದು. ನಾನು ಅದನ್ನು ಬರ್ಂಟ್ ಅಂಬರ್‌ನಿಂದ ಮುಚ್ಚಲು ಹೊರಟಿದ್ದೆ. ಮತ್ತೆ ಚಿತ್ರ ನೋಡಿದರೆ ಕಣ್ಣಿನ ಮುಂದೆ ಒಂದು ಸಣ್ಣ ಬಿಳಿ ಗೀಟು, ಮುಂಗಾಲಿನ ಮಂಡಿಯ ಮೇಲೂ ಒಂದು ತಿಳಿ ಮಚ್ಚೆ. ಮೊಬೈಲ್ ಫೋಟೋದಲ್ಲೂ ಅವು ಇದ್ದವು. ಇಷ್ಟು ದಿನ ಅವನ್ನೂ ನಾನು ಹುಳು ತಿಂದ ಗುರುತು ಅಂತಲೇ ಎಣಿಸಿದ್ದೆ.

ಅಂಟು

ಕೆಳ ಅಂಚಿನ ಹರಿದ ಜಾಗ ನಾಲ್ಕು ಸೆಂಟಿಮೀಟರ್. ಅದನ್ನು ಬಿಟ್ಟರೆ ಇನ್ನೂ ಹರಿಯುತ್ತದೆ, ಹಾಗಾಗಿ ಅದೊಂದನ್ನು ಕೂಡಿಸಲೇಬೇಕಿತ್ತು. ಫೆವಿಕಾಲ್ ತರಹದ ಬಿಳಿ ಅಂಟು ಇಲ್ಲಿಗೆ ಸಲ್ಲದು, ಒಣಗಿದ ಮೇಲೆ ಬಿಡಿಸಲು ಬರುವುದಿಲ್ಲ. ಬೈಂಡಿಂಗ್‌ನವರು ಮೈದಾ ಅಂಟಿಗೆ ಹುಳು ಬರದಿರಲಿ ಅಂತ ಮೈಲುತುತ್ತ ಹಾಕುತ್ತಾರೆ. ಲೆಕ್ಕದ ಪುಸ್ತಕಕ್ಕೆ ನಡೆಯುತ್ತದೆ, ಇಂಥ ಹಾಳೆಗೆ ಬೇಡ. ತಾಮ್ರ ಕಾಗದವನ್ನು ಬೇಗ ಹಾಳು ಮಾಡುತ್ತದೆ.

ಬೇಕಿದ್ದದ್ದು ಗೋಧಿಯ ಗಂಜಿ, ಒಳಗಿನ ಜಿಗುಟು ತೆಗೆದದ್ದು. ಇದನ್ನು ಅವ್ವನಿಗೆ ವಿವರಿಸುತ್ತಿದ್ದೆ. ಅವಳು ನಕ್ಕಳು. "ಗೋಧಿ ಹಾಲು ಅನ್ನು, ಹಲ್ವಾಕ್ಕೆ ತೆಗೀತೀವಲ್ಲ." ಹೌದು, ಅದೇ! ಗೋಧಿ ಎರಡು ದಿನ ನೆನೆಸಿ, ರುಬ್ಬಿ, ಹಿಂಡಿ, ಹಾಲನ್ನು ರಾತ್ರಿ ಇಟ್ಟರೆ ಬಿಳಿ ಗಸಿ ತಳಕ್ಕೆ ಕೂರುತ್ತದೆ. ಮೇಲಿನ ತಿಳಿ ಚೆಲ್ಲಿ, ಹೊಸ ನೀರು ಹಾಕಿ, ಮೂರು ಸಲ ಹೀಗೆ ಮಾಡಿದೆವು. ಗಸಿಯನ್ನು ಒಣಗಿಸಿ ಪುಡಿ ಮಾಡಿದೆ.

ಒಂದು ಚಮಚ ಪುಡಿಗೆ ಐದು ಚಮಚ ನೀರು. ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತಾ ಅರ್ಧ ಗಂಟೆ. ಮೊದಲು ಹಾಲಿನಂತೆ, ಆಮೇಲೆ ದಿಢೀರನೆ ಗಟ್ಟಿ, ಕೊನೆಗೆ ಗಾಜಿನ ಹಾಗೆ ಹೊಳಪು. ಆರಿದ ಮೇಲೆ ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ, ನೀರು ಬೆರೆಸಿ ಗಟ್ಟಿ ಮೊಸರಿನ ಹದಕ್ಕೆ ತಂದೆ. ಮೊದಲ ಸಲ ತಳ ಹಿಡಿಸಿಬಿಟ್ಟೆ. ಎರಡನೇ ಸಲ ಅವ್ವನೇ ಸೌಟು ತೆಗೆದುಕೊಂಡಳು. ಉಳಿದ ಗೋಧಿ ಹಾಲಿನಲ್ಲಿ ಹಲ್ವಾನೂ ಆಯಿತು.

ಪಟ್ಟಿಗೆ ಜಪಾನಿನ ಕೋಜೋ ಕಾಗದ ಆನ್‌ಲೈನ್‌ನಲ್ಲಿ ತರಿಸಿದ್ದೆ. ಈರುಳ್ಳಿ ಸಿಪ್ಪೆಯಷ್ಟು ತೆಳು, ಆದರೆ ನಾರು ಉದ್ದ, ಹರಿಯುವುದು ಕಷ್ಟ. ಕತ್ತರಿ ಹಾಕಬಾರದು. ಒದ್ದೆ ಬ್ರಷ್ಷಿನಿಂದ ಗೆರೆ ಎಳೆದು ಎರಡು ಕಡೆ ಎಳೆದರೆ ಅಂಚಿನಲ್ಲಿ ನಾರು ಬಿಚ್ಚಿಕೊಳ್ಳುತ್ತದೆ. ಆ ನಾರೇ ಹಿಡಿತ. ಪಟ್ಟಿಗೆ ಅಂಟು ಸವರಿ, ಬ್ಲಾಟಿಂಗ್ ಪೇಪರ್ ಮೇಲೆ ಒಮ್ಮೆ ಒತ್ತಿ ನೀರು ಇಳಿಸಿ, ಆಮೇಲೆ ಹಾಳೆಯ ಹಿಂದೆ ಹರಿದ ಗೆರೆಗೆ ಕೂರಿಸಿದೆ. ಮೇಲೆ ಬ್ಲಾಟಿಂಗ್ ಪೇಪರ್, ಅದರ ಮೇಲೆ ಗಾಜಿನ ಚೂರು, ಅದರ ಮೇಲೆ ಅಜ್ಜನ ಕಾಲದ ಒಂದು ಕೆಜಿ ತೂಕದ ಕಲ್ಲು. ಮೊದಲ ಗಂಟೆಯಲ್ಲಿ ಬ್ಲಾಟಿಂಗ್ ಪೇಪರ್ ಮೂರು ಸಲ ಬದಲಿಸಿದೆ. ತೇವ ಮುಂದುಗಡೆಗೆ ಹಾಯಲಿಲ್ಲ. ಹಾಯುತ್ತದೋ ಅಂತ ನಾನು ಆ ರಾತ್ರಿ ಮಲಗಲೂ ಇಲ್ಲ.

ಮತ್ತೆ ಕಟ್ಟು

ಹಳೆಯ ಫ್ರೇಮ್ ತೇಗದ್ದು. ಒರೆಸಿ, ಬಿಸಿಲಿಗಿಟ್ಟು, ಒಳಗೆ ಬಿರುಕು ಬಿಟ್ಟ ಕಡೆ ಮರದ ಪುಡಿ ತುಂಬಿದೆ. ಆದರೆ ಈಗ ಅಂಚನ್ನೂ ತೋರಿಸಬೇಕಿತ್ತು, ಅಷ್ಟು ಜಾಗ ಅದರಲ್ಲಿ ಇಲ್ಲ. ಬಡಿಗೇರರ ಹತ್ತಿರ ಅದೇ ಅಳತೆಯ ಪಟ್ಟಿ ಕೊರೆಸಿ ದೊಡ್ಡ ಫ್ರೇಮ್ ಮಾಡಿಸಿದೆ. ಹಳೆಯದು ಅಟ್ಟದ ಮೇಲೆ ಹೋಯಿತು.

ಮೌಂಟ್ ಬೋರ್ಡ್ ಹತ್ತಿಯದು, ಹುಳಿ ಇಲ್ಲದ್ದು. ಇದಕ್ಕೇ ಖರ್ಚು ಜಾಸ್ತಿ ಬಂದದ್ದು. ಚಿತ್ರವನ್ನು ಪೂರ್ತಿ ಅಂಟಿಸಲಿಲ್ಲ. ಮೇಲಿನ ಅಂಚಿಗೆ ಎರಡೇ ಎರಡು ಕೋಜೋ ಪಟ್ಟಿ, ಬಟ್ಟೆ ತೂಗುಹಾಕಿದ ಹಾಗೆ. ಮಳೆಗಾಲದಲ್ಲಿ ಹಾಳೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ನಾಲ್ಕೂ ಕಡೆ ಬಿಗಿದರೆ ಸುಕ್ಕಾಗುತ್ತದೆ. ಗಾಜಿಗೂ ಹಾಳೆಗೂ ನಡುವೆ ಮೌಂಟಿನ ಎರಡು ದಪ್ಪ ಕೊಟ್ಟೆ. ಇನ್ನು ಮುಂದೆ ಅವೆರಡೂ ತಾಗಬಾರದು. ಹಿಂದಕ್ಕೆ ರಟ್ಟಿನ ಬದಲು ಖಾಲಿ ಸನ್‌ಪ್ಯಾಕ್ ಶೀಟ್, ಬ್ಯಾನರ್ ಅಂಗಡಿಯಲ್ಲಿ ಸಿಗುವುದು. ಅಗ್ಗ, ಹುಳಿಯಿಲ್ಲ, ಹುಳುವಿಗೂ ರುಚಿಸುವುದಿಲ್ಲ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೆ ಬಾಟಲಿ ಬಿರಡೆಯ ಕಾರ್ಕ್ ಚೂರು ಅಂಟಿಸಿದೆ, ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡಲಿ ಅಂತ.

ಗಾಜಿಗೆ ಹತ್ತಿಕೊಂಡ ಆಕಾಶದ ಜಾಗಕ್ಕೆ ನಾನು ಏನೂ ಹಚ್ಚಲಿಲ್ಲ. ಬಿಳಿಯಾಗಿಯೇ ಇದೆ. ಇಡೀ ಹಾಳೆಯಲ್ಲಿ ಚಿತ್ರಕಾರ ಬಿಟ್ಟ ಬಿಳಿ ಒಂದು, ನಾನು ಮಾಡಿದ ಬಿಳಿ ಒಂದು. ಬಂದವರೆಲ್ಲ ಎರಡನ್ನೂ ಕೇಳುತ್ತಾರೆ.

ಬಾಗಿಲಿನ ಎದುರು ಮತ್ತೆ ಹಾಕಲಿಲ್ಲ. ಮೊಬೈಲ್‌ನ ಬೆಳಕು ಅಳೆಯುವ ಆ್ಯಪ್ ಹಿಡಿದು ನೋಡಿದರೆ ಅಲ್ಲಿ ಮಧ್ಯಾಹ್ನ 700 ಲಕ್ಸ್. ಮ್ಯೂಸಿಯಂಗಳಲ್ಲಿ ವಾಟರ್ ಕಲರ್‌ಗೆ 50 ಲಕ್ಸ್‌ನ ಆಸುಪಾಸು ಇಡುತ್ತಾರೆ. ಉಳಿದ ಚೂರುಪಾರು ಕೆಂಪೂ ಹೋಗುವುದು ಬೇಡ. ದೇವರ ಕೋಣೆಗೆ ಹೋಗುವ ಓಣಿಯಲ್ಲಿ 60 ಬಂತು. ಅಲ್ಲಿ ಹಾಕಿದೆ. ಊದುಬತ್ತಿ ಹೊಗೆ ಆ ಕಡೆ ಬರಬಾರದು ಅಂತ ಅವ್ವನ ಜತೆ ಒಂದು ಸಣ್ಣ ಜಗಳವೂ ಆಯಿತು. ಬಾಗಿಲು ಮುಂದೆ ಮಾಡಿ ಪೂಜೆ ಮಾಡುತ್ತೇನೆ ಅಂತ ಒಪ್ಪಿದ್ದಾಳೆ.

ಫ್ರೇಮಿನ ಹಿಂದೆ ಒಂದು ಲಕೋಟೆ ಸಿಕ್ಕಿಸಿದ್ದೇನೆ. ಏನು ಮಾಡಿದೆ, ಏನು ಮಾಡಲಿಲ್ಲ, ಯಾವ ಅಂಟು, ಪಟ್ಟಿ ಎಲ್ಲೆಲ್ಲಿ, ನೀರು ತಾಗಿಸಿದರೆ ಬಿಡುತ್ತದೆ, ಎಲ್ಲ ಬರೆದಿಟ್ಟಿದ್ದೇನೆ. ಬಿಚ್ಚಿದಾಗಿನ ಫೋಟೋ, ಮಾಳಿಗೆ ಮೇಲಿಟ್ಟ ಬಣ್ಣದ ಪಟ್ಟೆಯ ಹಾಳೆಯೂ ಅದರಲ್ಲಿದೆ. ದಪ್ಪ ಅಕ್ಷರದಲ್ಲಿ ಒಂದು ಸಾಲು: 'ಬೆನ್ನು ಬಿಳಿ ಇರುವುದು ಸರಿ. ಬಣ್ಣ ಹಚ್ಚಬೇಡಿ.'

ಮೊನ್ನೆ ದೊಡ್ಡಪ್ಪ ಬಂದಿದ್ದರು. ಓಣಿಯಲ್ಲಿ ನಿಂತು ಕನ್ನಡಕ ಏರಿಸಿ ನೋಡಿದರು.

"ಬೆನ್ನಿಗೆ ಹಚ್ಚಲೇ ಇಲ್ಲೇನವ್ವಾ?"

ಮುನ್ನಾರ್ ಫೋಟೋ ತೋರಿಸಿದೆ. ತುಂಬ ಹೊತ್ತು ನೋಡಿದರು. ಆಮೇಲೆ ತಮ್ಮ ತಲೆಯನ್ನೇ ಸವರಿಕೊಂಡು, "ನನ್ನಂಗೇ ನೆರೆತೈತಿ ಅನ್ನು" ಅಂದರು. ಊಟಕ್ಕೆ ಕೂತಾಗ ಅಂಚಿನ ಆ ಅರ್ಧ ಮಾತಿನ ಬಗ್ಗೆ ಕೇಳಿದರು, 'ಬೆನ್' ಆದ ಮೇಲೆ ಏನಿದ್ದಿರಬಹುದು ಅಂತ. ಹುಳು ತಿಂದ ತೂತನ್ನೂ ನಾನು ಮುಚ್ಚಿಲ್ಲ.